ನಿಮಗಿದು ಗೊತ್ತೇ? – ಓಡುವ ಕಾರಿಗಿಂತ ನಿಂತ ಕಾರಿಗೇ ಖರ್ಚು!

ದೇವನೂರು ಅಂದರೆ ಲಕ್ಷ್ಮೀಶ, ಲಕ್ಷ್ಮೀಶ ಅಂದರೆ ಜೈಮಿನಿ ಭಾರತ. ಯಜ್ಞದ ಕುದುರೆಯ ಬೆನ್ನು ಹತ್ತಿ ರಾಜ್ಯ ರಾಜ್ಯ ಸುತ್ತುವ ಕಾವ್ಯ ಅದು. ಆ ಕವಿಯ ಊರಿನಲ್ಲಿ ಈಗ ಕಾರುಗಳು ಸುತ್ತುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಮದುವೆಗೊಮ್ಮೆ, ಆಸ್ಪತ್ರೆಗೊಮ್ಮೆ, ಕಡೂರಿನ ಬ್ಯಾಂಕಿಗೊಮ್ಮೆ, ಶ್ರಾವಣದಲ್ಲಿ ಮನೆದೇವರಿಗೊಮ್ಮೆ. ಉಳಿದ ದಿನವೆಲ್ಲ ತೆಂಗಿನ ನೆರಳು. ‘ನಮ್ ಗಾಡಿ ಹೆಚ್ಚಿಗೆ ಓಡಿಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ಸುತ್ತ ಎಷ್ಟೋ ಜನ. ಈ ಕಂತು ಅವರಿಗಾಗಿ.

ಎಂಜಿನ್ ಆಯಿಲ್‌ಗೆ ಕಿಲೋಮೀಟರ್ ಲೆಕ್ಕ ಮಾತ್ರವಲ್ಲ, ಪಂಚಾಂಗದ ಲೆಕ್ಕವೂ ಇದೆ, ಗೊತ್ತೇ? ಈಗಿನ ಬಹುತೇಕ ಕಾರುಗಳ ಪುಸ್ತಕದಲ್ಲಿ ‘10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ವರ್ಷಕ್ಕೆ ಮೂರು ಸಾವಿರವೇ ಓಡಿದರೂ ಆಯಿಲ್ ಬದಲಿಸಲೇಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಓಡಾಡುವ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಕೂತ ತೇವ, ಅರೆಬೆಂದ ಪೆಟ್ರೋಲು ಆವಿಯಾಗಿ ಹೋಗದೆ ಆಯಿಲ್‌ಗೇ ಸೇರಿಕೊಳ್ಳುತ್ತದೆ. ಸಣ್ಣ ಕಾರಿಗೆ ಬೇಕಾದ ಆಯಿಲ್ ಮೂರೂವರೆ ಲೀಟರ್ ಆಸುಪಾಸು. ಅದನ್ನು ಉಳಿಸಲು ಹೋಗಿ ಎಂಜಿನ್ ಬೋರಿಗೆ ತಂದುಕೊಂಡವರ ಕಥೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುತ್ತದೆ.

ಡೀಸೆಲ್ ಕಾರಿನ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾದರೆ ಗಾಬರಿ ಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಗಾಬರಿ ಬೀಳಬೇಕಾದದ್ದು ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ. ಕೂಲೆಂಟ್ ಆಯಿಲ್‌ಗೆ ಇಳಿದಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಂಥ ಗಾಡಿಯನ್ನು ‘ಕಡೂರು ತನಕ ಹೆಂಗೋ ಹೋಗ್ಲಿ’ ಎಂದು ಓಡಿಸಬಾರದು.

ನಿಂತ ಕಾರಿನ ಬ್ಯಾಟರಿಯೂ ಸುಮ್ಮನೆ ಕೂತಿರುವುದಿಲ್ಲ. ಸೆಂಟ್ರಲ್ ಲಾಕ್, ಅಲಾರಂ, ಗಡಿಯಾರ, ಕಂಪ್ಯೂಟರ್ ಎಲ್ಲವೂ ಹನಿಹನಿಯಾಗಿ ಕರೆಂಟು ಕುಡಿಯುತ್ತವೆ. ಆರೋಗ್ಯವಾಗಿರುವ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟು ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ನಿಲ್ಲದು. ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಸೇವೆಯಲ್ಲ, ಶೋಷಣೆ. ಸೆಲ್ಫ್ ಹೊಡೆದಾಗ ಖರ್ಚಾದ ಚಾರ್ಜು ಅಷ್ಟರಲ್ಲಿ ಸರಿಯಾಗಿ ವಾಪಸ್ ಬರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಮಗನ ಮನೆಗೆಂದು ತಿಂಗಳು ಬೆಂಗಳೂರಿಗೆ ಹೋಗುವುದಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಟ್ಟು ಹೋಗಿ.

ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ತೂಕಕ್ಕೆ ಕೊಡಬೇಡಿ. ಅದರೊಳಗಿರುವುದು ಸೀಸ ಮತ್ತು ಆಮ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲೂ ಕಡಿತ ಸಿಗುತ್ತದೆ.

ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹದಿನೈದು ದಿನ ನಿಲ್ಲಿಸಿದ ಕಾರಿನ ಹಿಂದಿನ ಚಕ್ರ ಜಾಮ್ ಆಗುತ್ತದೆ. ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಳ್ಳುವುದೇ ಕಾರಣ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವ ಹಳೇ ಲಾರಿ ಡ್ರೈವರುಗಳ ಪದ್ಧತಿಯೇ ಸರಿ. ಹೊರಡುವಾಗ ಕಲ್ಲು ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಇಲಿಯ ಮಾತಿಗೆ ಬರೋಣ. ರಾಗಿ ಮೂಟೆ, ಹುಲ್ಲಿನ ಮೆದೆ, ಕೊಬ್ಬರಿ ಅಟ್ಟ ಮತ್ತು ಕಾರು, ಈ ನಾಲ್ಕೂ ಒಂದೇ ಸೂರಿನಡಿ ಇದ್ದರೆ ಇಲಿ ಬಾನೆಟ್ಟಿನೊಳಗೆ ಸಂಸಾರ ಹೂಡುವುದು ಖಚಿತ. ಬಾನೆಟ್ ಎತ್ತಿ ನೋಡಿ: ಬ್ಯಾಟರಿಯ ಮೇಲೆ ಅರ್ಧ ತಿಂದ ಕೊಬ್ಬರಿ ಚೂರು, ಏರ್ ಫಿಲ್ಟರ್ ಡಬ್ಬಿಯೊಳಗೆ ತೆಂಗಿನ ನಾರಿನ ಗೂಡು, ಬಾನೆಟ್ ಒಳಮೈಗೆ ಅಂಟಿಸಿದ ಹೊದಿಕೆಯಿಂದ ಕಿತ್ತ ಹತ್ತಿ. ಇವಿಷ್ಟೇ ಆದರೆ ಅದೃಷ್ಟ. ಇಲಿಗೆ ವೈರಿನ ರುಚಿಯೇ ಬೇಕೆಂದಿಲ್ಲ, ಎಡೆಬಿಡದೆ ಬೆಳೆಯುವ ಬಾಚಿಹಲ್ಲು ಸವೆಸಲು ಏನಾದರೂ ಕಡಿಯುತ್ತಿರಬೇಕು. ಸಿಗುವುದು ವೈರಿಂಗ್. ಈಗಿನ ಕಾರಿನಲ್ಲಿ ಒಂದು ಸೆನ್ಸರ್ ತಂತಿ ಕಡಿದರೆ ಗಾಡಿ ಸ್ಟಾರ್ಟೇ ಆಗದಿರಬಹುದು. ಕಂಪನಿ ಷೋರೂಮಿನಲ್ಲಿ ‘ಪೂರ್ತಿ ಹಾರ್ನೆಸ್ ಬದಲಿಸಬೇಕು’ ಎಂದರೆ ಬಿಲ್ಲು ಹತ್ತಾರು ಸಾವಿರ. ಅದೇ ತಂತಿಯನ್ನು ನುರಿತ ಆಟೋ ಎಲೆಕ್ಟ್ರಿಷಿಯನ್ ಬೆಸುಗೆ ಹಾಕಿ ಸ್ಲೀವ್ ತೊಡಿಸಿ ಕೆಲವು ನೂರಕ್ಕೆ ಮುಗಿಸುವುದೂ ಉಂಟು. ಮೊದಲು ಅವನನ್ನು ಕೇಳಿ. ಏರ್‌ಬ್ಯಾಗಿನ ಹಳದಿ ವೈರಿಗೆ ಮಾತ್ರ ಇಂಥ ಜೋಡಣೆ ಬೇಡ.

ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವುದು ನಮ್ಮ ಕಡೆ ರೂಢಿ. ವಾಸನೆ ಇರುವ ತನಕ ಒಂದಿಷ್ಟು ನಡೆಯುತ್ತದೆ, ಒಣಗಿದ ಮೇಲೆ ಅದೂ ಗೂಡಿಗೆ ಸಾಮಾನು. ಕಾರನ್ನು ಕಾಳುಕಡಿಯಿಂದ ದೂರ, ಬೆಳಕಿರುವ ಕಡೆ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ಅಲುಗಾಡಿಸುವುದು ಎಲ್ಲ ಸ್ಪ್ರೇಗಿಂತ ಮೇಲು. ಸೀಟಿನಡಿ ಬಿದ್ದ ಕಡಲೆಪುರಿ ಗುಡಿಸಿ.

ತೆಂಗಿನಕಾಯಿ ಬಿದ್ದು ಕಾರು ಜಜ್ಜಿದರೆ ವಿಮೆ ಬರುತ್ತದೆಯೇ? ಬರುತ್ತದೆ. ಫುಲ್ ಇನ್ಶೂರೆನ್ಸಿನಲ್ಲಿ ‘ಹೊರಗಿನ ಕಾರಣದಿಂದಾದ ಆಕಸ್ಮಿಕ ಹಾನಿ’ ಸೇರಿದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಒಂದು ರೂಪಾಯಿಯೂ ಇಲ್ಲ. ಆದರೆ ಬರುತ್ತದೆಂದು ಕೈಯೊಡ್ಡುವ ಮುಂಚೆ ಲೆಕ್ಕ ಹಾಕಿ.

ಐದು ವರ್ಷ ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ ಕಂತಿನಲ್ಲಿ, ಅಂದರೆ ಸ್ವಂತ ಕಾರಿನ ಹಾನಿಗೆಂದು ಕಟ್ಟುವ ಪಾಲಿನಲ್ಲಿ, ಶೇ 50 ರಿಯಾಯಿತಿ. ಅದೇ ನೋ ಕ್ಲೇಮ್ ಬೋನಸ್. ಏಣಿಯ ಮೆಟ್ಟಿಲು ಹೀಗಿವೆ: ಶೇ 20, 25, 35, 45, 50. ಒಂದು ಕ್ಲೇಮ್ ಮಾಡಿದರೆ ನೇರ ನೆಲಕ್ಕೆ. ನಿಮ್ಮ ಓನ್ ಡ್ಯಾಮೇಜ್ ಕಂತು ರಿಯಾಯಿತಿಗೆ ಮೊದಲು 6,000 ರೂಪಾಯಿ ಎಂದಿಟ್ಟುಕೊಳ್ಳಿ. ಕಾಯಿ ಬಿದ್ದು ಟಿಂಕರಿಂಗ್, ಪೇಂಟ್ ಸೇರಿ 4,000 ಬಿಲ್ಲಾಯಿತು. 1,500 ಸಿ.ಸಿ. ಒಳಗಿನ ಕಾರಿಗೆ ಕಡ್ಡಾಯವಾಗಿ ಕೈಯಿಂದ ಹಾಕಬೇಕಾದ ಪಾಲು 1,000. ಸವಕಲಿನ ಕಡಿತ ಬೇರೆ. ಅಂತೂ ಸಿಗುವುದು ಹೆಚ್ಚೆಂದರೆ 3,000. ಕಳೆದುಕೊಳ್ಳುವುದು? ಮೊದಲ ವರ್ಷ 3,000, ಮುಂದೆ ಕ್ರಮವಾಗಿ 1,800, 1,500, 900, 300. ಮತ್ತೆ ಶೇ 50ಕ್ಕೆ ಏರುವಷ್ಟರಲ್ಲಿ 7,500 ಕೈಬಿಟ್ಟಿರುತ್ತದೆ. ಕಾಯಿ ಕೊಯ್ಯಿಸುವ ಕೂಲಿ ಇದಕ್ಕಿಂತ ಅಗ್ಗ!

ಸವಕಲು ಅಂದೆನಲ್ಲ. ಹೊಸ ಕಾರೇ ಆದರೂ ಬಂಪರಿನಂಥ ಪ್ಲಾಸ್ಟಿಕ್, ರಬ್ಬರ್ ಭಾಗ, ಟೈರು, ಬ್ಯಾಟರಿಗೆ ಶೇ 50 ಕಡಿತ. ಗಾಜಿಗೆ ಕಡಿತವೇ ಇಲ್ಲ. ತಗಡಿನ ಭಾಗಕ್ಕೆ ಮೊದಲ ಆರು ತಿಂಗಳು ಕಡಿತವಿಲ್ಲ, ಆಮೇಲೆ ವಯಸ್ಸಿನ ಜತೆ ಏರುತ್ತ ಹತ್ತು ವರ್ಷ ದಾಟಿದ ಮೇಲೆ ಶೇ 50. ‘ಜೀರೋ ಡೆಪ್’ ಎಂದು ಹೆಚ್ಚುವರಿ ಹಣ ತೆಗೆದುಕೊಳ್ಳುವುದು ಈ ಕಡಿತ ಬೇಡವೆಂಬುದಕ್ಕೆ.

ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಹಳೇ ಕಾರು ಮಾರಿದಾಗ ಆ ಪತ್ರ ಕೇಳಿ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಬಳಸಬಹುದು. ಕೇಳದೆ ಬಿಟ್ಟವರೇ ಹೆಚ್ಚು.

ಸುಗ್ಗಿ ಕಾಲದಲ್ಲಿ ರಸ್ತೆಯೇ ಕಣ. ರಾಗಿ, ಹುರುಳಿ, ಅವರೆಯನ್ನು ಡಾಂಬರಿನ ಮೇಲೆ ಹರಡಿ ಬಸ್ಸು ಕಾರುಗಳಿಂದ ಒಕ್ಕಣೆ ಮಾಡಿಸುವುದನ್ನು ಸಂಕ್ರಾಂತಿಯ ಆಚೀಚೆ ಕಡೂರು ಸೀಮೆಯ ಯಾವ ದಾರಿಯಲ್ಲೂ ನೋಡಬಹುದು. ಕಣಕ್ಕೆ ಆಳಿಲ್ಲ, ರೋಣಗಲ್ಲು ಎಳೆಯಲು ಎತ್ತಿಲ್ಲ, ರೈತನ ಕಷ್ಟ ಸುಳ್ಳಲ್ಲ. ಆದರೆ ಕಾರಿನ ಹೊಟ್ಟೆಯಡಿ ಏನಾಗುತ್ತದೆ ನೋಡಿ. ರಾಗಿ ಹುಲ್ಲು ಜಾರಿಸುತ್ತದೆ. ಹುರುಳಿ ಅದಕ್ಕಿಂತ ಕೆಟ್ಟದ್ದು, ಅದು ಬಳ್ಳಿ. ತಿರುಗುವ ಆಕ್ಸಲ್ಲಿಗೆ ಒಂದು ಎಳೆ ಸಿಕ್ಕರೆ ಹಿಂದಿನದನ್ನೆಲ್ಲ ಎಳೆದುಕೊಂಡು ಹಗ್ಗದ ಉಂಡೆಯಂತೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಕೊಳವೆ, ಅದರ ಮೊದಲಿಗೆ ಕ್ಯಾಟಲಿಟಿಕ್ ಕನ್ವರ್ಟರ್. ಓಡುವಾಗ ಅದರ ಬಿಸಿ ನೂರಾರು ಡಿಗ್ರಿ. ಬಿಸಿಲಿಗೆ ಒಣಗಿದ ಹೊಟ್ಟಿಗೆ ಇನ್ನೇನು ಬೇಕು? ರಾಜ್ಯದಲ್ಲಿ ಹೀಗೆ ನಡುರಸ್ತೆಯಲ್ಲಿ ಸುಟ್ಟು ಕರಕಲಾದ ಕಾರುಗಳ ಸುದ್ದಿ ಹಲವು ಸಲ ಬಂದಿದೆ.

ಹಾಗಾಗಿ, ಹುರುಳಿ ಹರಡಿದ ಕಡೆ ಸಾಧ್ಯವಾದರೆ ಅಂಚಿನಲ್ಲಿ ಸಾಗಿ. ದಾಟಲೇಬೇಕಾಗಿ ಬಂದರೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಇಳಿದು ಬಗ್ಗಿ ನೋಡಿ. ನಿಲ್ಲಿಸುವುದು ಹೊಟ್ಟಿನ ಮೇಲಲ್ಲ, ಬರಿ ಡಾಂಬರಿನ ಮೇಲೆ. ಸುಟ್ಟ ವಾಸನೆ ಬಂದರೆ ಮೊದಲು ಮಕ್ಕಳನ್ನು ಇಳಿಸಿ, ಬಾನೆಟ್ ತೆರೆಯುವ ಸಾಹಸ ಬೇಡ. ಗಾಳಿ ಸಿಕ್ಕರೆ ಬೆಂಕಿ ಮುಖಕ್ಕೇ ಬರುತ್ತದೆ. ಫುಲ್ ಇನ್ಶೂರೆನ್ಸಿನಲ್ಲಿ ಬೆಂಕಿಗೆ ಪರಿಹಾರವಿದೆ ಎಂಬುದು ಆಮೇಲಿನ ಮಾತು.

ಅದೇ ಒಕ್ಕಣೆಯ ಧೂಳು ಏರ್ ಫಿಲ್ಟರಿಗೂ ಹೋಗುತ್ತದೆ. ಪುಸ್ತಕದಲ್ಲಿ ಬರೆದ ಅವಧಿ ಒಳ್ಳೆಯ ರಸ್ತೆಗೆ. ಧೂಳಿನ ಊರಿಗೆ ಅದೇ ಪುಸ್ತಕ ಇನ್ನೂ ಬೇಗ ನೋಡಲು ಹೇಳಿರುತ್ತದೆ. ಸುಗ್ಗಿ ಮುಗಿದ ಮೇಲೆ ಒಂದು ಸಲ ತೆಗೆದು ಬೆಳಕಿಗೆ ಹಿಡಿದು ನೋಡಿ.

ಕಡೂರು ಬಯಲುಸೀಮೆಯ ಬೋರ್ ನೀರು ಗಡಸು. ಕಾಫಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಸಪೂರ ನಾಳಗಳಲ್ಲೂ ಕಟ್ಟುತ್ತದೆ. ‘ಸ್ವಲ್ಪ ಕಮ್ಮಿ ಇತ್ತು, ನೀರು ಹಾಕ್ದೆ’ ಎಂಬುದು ಎರಡು ವರ್ಷದ ಮೇಲೆ ಓವರ್‌ಹೀಟ್ ಆಗಿ, ಹೆಡ್ ಬೆಂಡ್ ಆಗಿ ತಿರುಗಿ ಬರುತ್ತದೆ. ತೀರಾ ತುರ್ತಿದ್ದರೆ ಕುಡಿಯುವ ನೀರು ಹಾಕಿ ಗ್ಯಾರೇಜು ಸೇರಿ, ಆಮೇಲೆ ಪೂರ್ತಿ ಬದಲಿಸಿ. ಕೂಲೆಂಟ್ ಬೆರೆಸಲು ಡಿಸ್ಟಿಲ್ಡ್ ವಾಟರ್ರೇ ಬೇಕು. ಬಣ್ಣ ನೋಡಿ ಕೂಲೆಂಟ್ ಕೊಳ್ಳುವುದೂ ತಪ್ಪು. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಯವರು ಹಾಕುವ ಬಣ್ಣ, ಒಂದೇ ಬಣ್ಣದ ಎರಡರ ಒಳಗಿನ ರಸಾಯನ ಬೇರೆ ಇರಬಹುದು.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಬಿಚ್ಚುವುದೂ ವಿಸಿಲ್ ತೆಗೆಯದೆ ಕುಕ್ಕರ್ ಮುಚ್ಚಳ ಕೀಳುವುದೂ ಒಂದೇ. ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಸಡಿಲವಾದ ತಕ್ಷಣ ಒಮ್ಮೆಲೇ ಉಕ್ಕುತ್ತದೆ.

ಮಳೆಗಾಲದ ಮಾತು. ರೈಲು ಹಳಿಯ ಗೇಟುಗಳನ್ನು ತೆಗೆದು ಅಂಡರ್‌ಪಾಸ್ ಮಾಡಿದ ಮೇಲೆ ಎಷ್ಟೋ ಊರುಗಳಿಗೆ ಮಳೆಗಾಲದಲ್ಲಿ ಹೊಸ ಕೆರೆ ಸಿಕ್ಕಂತಾಗಿದೆ. ಅಲ್ಲಿ ಗಾಡಿ ಆಫ್ ಆದರೆ ಗ್ಯಾರೇಜಿನವರು ಫೋನಿನಲ್ಲಿ ಹೇಳುವ ಮೊದಲ ಮಾತು: ‘ಅಣ್ಣಾ, ಸೆಲ್ಫ್ ಮಾತ್ರ ಹೊಡೀಬೇಡಿ, ತಳ್ಳಿಸ್ಕೊಂಡು ಈಚೆಗೆ ತಗೊಳ್ಳಿ.’ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಹೋಗಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೆರೆಹಾವಳಿಗೆ ವಿಮೆ ಇದ್ದರೂ, ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದಿಲ್ಲ. ‘ಎಂಜಿನ್ ಪ್ರೊಟೆಕ್ಟ್’ ಎಂಬುದನ್ನು ಬೇರೆ ತೆಗೆದುಕೊಂಡಿರಬೇಕು.

ಯೂರಿಯಾ ಮೂಟೆ ಮನೆಯಲ್ಲಿದೆ, ಡೀಸೆಲ್ ಗಾಡಿಯೂ ಯೂರಿಯಾ ಕೇಳುತ್ತದೆ. ಕೆಲವು ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆ ಶುದ್ಧಿಗೆ ಡಿಇಎಫ್ ಎಂಬ ದ್ರವ ಹಾಕಬೇಕು. ಅದರಲ್ಲಿರುವುದು ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಹಾಗೆಂದು ಹೊಲದ ಯೂರಿಯಾ ಕರಗಿಸಿ ಸುರಿದರೆ ಕೆಟ್ಟಿರಿ. ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪನ ಕಡ್ಡಾಯ. ಮಣ್ಣಿನಲ್ಲಿ ನಿಧಾನ ಕರಗಲಿ, ಕಾರ್ಖಾನೆಗಳಿಗೆ ಕದ್ದು ಹೋಗದಿರಲಿ ಎಂಬುದು ಉದ್ದೇಶ. ಆ ಎಣ್ಣೆ, ಉಪ್ಪು, ಕಸ ಸೇರಿ ಇಂಜೆಕ್ಟರ್ ಕಟ್ಟಿ, ಕ್ಯಾಟಲಿಸ್ಟ್ ಸಾಯುತ್ತದೆ. ಬದಲಿಸುವ ದುಡ್ಡಿನಲ್ಲಿ ಹಳೇ ಕಾರೇ ಬಂದೀತು.

2020ರ ಏಪ್ರಿಲ್ 1ರಿಂದ ಮಾರಾಟವಾದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಜರಡಿಯೊಂದಿದೆ, ಹೆಸರು ಡಿಪಿಎಫ್. ತುಂಬಿದಾಗ ಅದು ತಾನೇ ಮಸಿ ಸುಟ್ಟುಕೊಳ್ಳಬೇಕು, ಅದಕ್ಕೆ ಬಿಸಿ ಬೇಕು, ಬಿಸಿಗೆ ಓಟ ಬೇಕು. ಊರೊಳಗೇ ಸುತ್ತುವ ಗಾಡಿಗೆ ಆ ಭಾಗ್ಯವಿಲ್ಲ. ಡಿಪಿಎಫ್ ದೀಪ ಹತ್ತಿದರೆ ಹೆದ್ದಾರಿ 69 ಹಿಡಿದು ಕಡೂರಿನಿಂದ ತರೀಕೆರೆ ಕಡೆಗೆ ಅರುವತ್ತು–ಎಪ್ಪತ್ತರ ವೇಗದಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಹೋಗಿ ಬನ್ನಿ. ಹೆಚ್ಚಿನ ಸಲ ದೀಪ ಆರುತ್ತದೆ. ದೀಪ ನೋಡಿಯೂ ನೋಡದಂತಿದ್ದರೆ ಮುಂದಿನದು ಲ್ಯಾಪ್‌ಟಾಪ್ ಹಿಡಿದವರ ಕೆಲಸ. ವಾರಕ್ಕೆ ಹತ್ತು ಕಿ.ಮೀ. ಓಡಿಸುವವರು ಡೀಸೆಲ್ ಕಾರು ಕೊಳ್ಳಲೇಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಪೆಟ್ರೋಲಿನವರಿಗೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್. ಕಬ್ಬಿನಿಂದ ಮಾತ್ರವಲ್ಲ, ಮೆಕ್ಕೆಜೋಳದಿಂದಲೂ ಅದನ್ನು ತೆಗೆಯುತ್ತಾರೆ. ಅಜ್ಜಂಪುರದ ಜೋಳ ಟ್ಯಾಂಕಿಗೇ ವಾಪಸ್ ಬಂದರೂ ಬರಬಹುದು! ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜು ಕೊಂಚ ಇಳಿಯುವುದು ಸಹಜ, ಮೆಕ್ಯಾನಿಕ್ಕನ್ನು ಬೈಯಬೇಡಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕು ಅರ್ಧ ಖಾಲಿ ಇರುವುದಕ್ಕಿಂತ ತುಂಬಿರುವುದು ಮೇಲು. 2023ರ ಏಪ್ರಿಲ್‌ಗೆ ಹಿಂದಿನ ಕಾರಾದರೆ ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪು, ರಬ್ಬರ್ ವಾಷರ್ ನೋಡಲು ಹೇಳಿ.

ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿತ್ತೇ? ಕೀ ತಿರುಗಿಸಲೂ ಬೇಡಿ. ಟ್ಯಾಂಕ್ ಬಸಿದರೆ ಮುಗಿಯುವ ಕೆಲಸ, ಸ್ಟಾರ್ಟ್ ಮಾಡಿದರೆ ಪಂಪು, ಇಂಜೆಕ್ಟರಿನ ತನಕ ಹೋಗುತ್ತದೆ.

ಟೈರಿನ ಪಕ್ಕೆಯಲ್ಲಿ ಅದರ ಜಾತಕವಿದೆ. ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ಹುಟ್ಟಿದ್ದು. ನಿಂತ ಕಾರಿನ ಟೈರು ಸವೆಯುವುದಿಲ್ಲ, ವಯಸ್ಸಾಗಿ ಬಿರುಕು ಬಿಡುತ್ತದೆ. ಹೂವು ಚೆನ್ನಾಗಿದೆ ಎಂದು ಹತ್ತು ವರ್ಷದ ಟೈರಿನಲ್ಲಿ ಬೆಂಗಳೂರಿಗೆ ಹೊರಡುವವರಿದ್ದಾರೆ. ಇನ್ನೊಂದು ತಪ್ಪು, ಪಕ್ಕೆಯಲ್ಲೇ ಬರೆದ ಗರಿಷ್ಠ ಒತ್ತಡದಷ್ಟು ಗಾಳಿ ತುಂಬಿಸುವುದು. ನಿಮ್ಮ ಕಾರಿಗೆ ಬೇಕಾದ ಲೆಕ್ಕ ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿದೆ. ನೈಟ್ರೋಜನ್ನಿಗೆ ದುಡ್ಡು ಕೊಡಬೇಕೇ? ಸಾದಾ ಗಾಳಿಯಲ್ಲೇ ಶೇ 78 ನೈಟ್ರೋಜನ್. ಸ್ಟೆಪ್ನಿಗೂ ಗಾಳಿ ಹಾಕಿಸಿ.

ಕೆಮ್ಮಣ್ಣುಗುಂಡಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾದ ಅನುಭವ ಇದೆಯೇ? ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ‘ಡಾಟ್ 4’ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿದರೆ ಅಷ್ಟು ಬಿಸಿ ಬರುವುದು ಕಷ್ಟವಲ್ಲ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಬ್ರೇಕಿಲ್ಲ. ಏರಿದ ಗೇರಿನಲ್ಲೇ ಇಳಿಯಿರಿ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲು ಬಾಯಿಬಿಟ್ಟು ಹೇಳಿ.

ಕಾರಿನ ಕಥೆಯಲ್ಲಿ ಇದೇ ಕೆಮ್ಮಣ್ಣುಗುಂಡಿಗೂ ಒಂದು ಎಳೆ ಉಂಟು. ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇಲ್ಲಿಂದ. ಆ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದ ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಸ್ವದೇಶಿ ಕಾರು ತಯಾರಿಸುವ ಯೋಜನೆ ಹಿಡಿದು ಓಡಾಡಿದರು, ಅಮೆರಿಕದ ಡೆಟ್ರಾಯಿಟ್‌ಗೂ ಹೋಗಿ ಬಂದರು. ಬ್ರಿಟಿಷ್ ಸರ್ಕಾರ ಕೈಹಿಡಿಯಲಿಲ್ಲ. ಜತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ಕಾರು ಕಂಪನಿ 1944ರಲ್ಲಿ ಹುಟ್ಟಿತು, ಆದರೆ ಮುಂಬಯಿಯಲ್ಲಿ, ಪ್ರೀಮಿಯರ್ ಹೆಸರಿನಲ್ಲಿ.

‘ಎ.ಸಿ. ಗ್ಯಾಸ್ ಖಾಲಿಯಾಗಿದೆ’ ಎಂದು ಪ್ರತಿ ಬೇಸಿಗೆಯಲ್ಲೂ ತುಂಬಿಸುತ್ತಿದ್ದೀರಾ? ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುವಂಥದ್ದು. ವರ್ಷವರ್ಷ ಕಡಿಮೆಯಾದರೆ ಎಲ್ಲೋ ಸೋರಿಕೆ ಇದೆ. ಮೊದಲು ಅದನ್ನು ಹುಡುಕಿಸಿ. ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಎ.ಸಿ. ಹಾಕಿ. ಗ್ಯಾಸಿನ ಜತೆ ಸುತ್ತುವ ಎಣ್ಣೆ ಸೀಲುಗಳನ್ನು ಒಣಗಲು ಬಿಡುವುದಿಲ್ಲ.

ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ – ಈ ಡೀಸೆಲ್ ಕಾರುಗಳಲ್ಲಿದ್ದ 1.3 ಲೀಟರ್ ಎಂಜಿನ್ ಮೂಲತಃ ಇಟಲಿಯ ಫಿಯೆಟ್ಟಿನದು, ಗೊತ್ತೇ? ಅದಕ್ಕೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕಟಕಟ ಸದ್ದು ಬಂದರೆ ಚೈನು ಸಡಿಲವಾಗಿರಬಹುದು. ಬೆಲ್ಟ್ ಇರುವ ಕಾರಾದರೆ ಪುಸ್ತಕ ಹೇಳಿದ ಕಿ.ಮೀ.ಗೆ ಬದಲಿಸಲೇಬೇಕು. ತುಂಡಾದರೆ ಹೆಚ್ಚಿನ ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ‘ಬೆಲ್ಟ್ ಯಾವಾಗ ಹಾಕ್ಸಿದ್ರಿ?’ ಎಂದು ಕೇಳಿ, ಬಿಲ್ಲು ನೋಡಿ.

ಸೆಕೆಂಡ್‌ಹ್ಯಾಂಡ್ ಅಂದ ಮೇಲೆ ಕಾಗದದ ಮಾತೂ ಬಂತು. ಗ್ಯಾರೇಜಿನ ಬಿಲ್ಲಿಗಿಂತ ದೊಡ್ಡ ಹೊಡೆತ ಬೀಳುವುದು ಇಲ್ಲೇ.

ಮಾರಿದ ಕಾರು ಇನ್ನೂ ನಿಮ್ಮದೇ ಆಗಿರಬಹುದು. ಫಾರಂ 29, 30ಕ್ಕೆ ಸಹಿ ಹಾಕಿ, ಕೀ ಕೊಟ್ಟು, ದುಡ್ಡು ಎಣಿಸಿಕೊಂಡರೆ ಮುಗಿಯಲಿಲ್ಲ. ಆರ್‌.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕೈಯಿಂದ ಕೈಗೆ ನಾಲ್ಕು ಸಲ ಮಾರಾಟವಾದ ಗಾಡಿ ಅಪಘಾತ ಮಾಡಿದರೂ ಪರಿಹಾರದ ನೋಟಿಸ್ ಬರುವುದು ಮೊದಲಿನವರ ಮನೆಗೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಚಿಕ್ಕಮಗಳೂರಿನ ಕೆಎ-18 ಇರಲಿ, ತರೀಕೆರೆಯ ಕೆಎ-66 ಇರಲಿ, ನಿಯಮ ಒಂದೇ.

ಸಾಲ ತೀರಿದರೂ ಆರ್‌.ಸಿ.ಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಅಳಿಸುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ, ಫಾರಂ 35 ತಂದು ತೆಗೆಸಬೇಕು. ತಡಮಾಡಿದರೆ ಮಾರುವ ದಿನ ಅಲೆದಾಟ.

ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ‘ದೆಹಲಿ ಗಾಡಿ, ಅರ್ಧ ರೇಟು’ ಎಂಬ ವ್ಯಾಪಾರ ಹಳ್ಳಿಗಳಿಗೂ ಬಂದಿದೆ. ಆ ಅರ್ಧ ರೇಟಿಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಸಿ ನೋಡಿ. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ನಮ್ಮಲ್ಲಿ ಬೆಲೆಗೆ ತಕ್ಕಂತೆ ಶೇ 13ರಿಂದ 18ರ ತನಕ ಇರುವ ಈ ತೆರಿಗೆ ದೇಶದಲ್ಲೇ ದುಬಾರಿಯಾದವುಗಳ ಸಾಲಿನದು. ಹಳೆಯ ಕಾರಿಗೆ ವಯಸ್ಸಿನ ಲೆಕ್ಕದಲ್ಲಿ ಕಡಿಮೆಯಾದರೂ ಕಟ್ಟದೆ ವಿಧಿಯಿಲ್ಲ.

ಕಾರಿಗೆ 15 ವರ್ಷ ತುಂಬಿದರೆ ಆರ್‌.ಸಿ. ನವೀಕರಣ ಶುಲ್ಕ 5,000 ರೂಪಾಯಿ, 2022ರ ಏಪ್ರಿಲ್ 1ಕ್ಕೆ ಮುಂಚೆ ಇದ್ದದ್ದು 600. ನವೀಕರಿಸಿದರೆ ಐದು ವರ್ಷ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ 10,000.

ವೈಟ್ ಬೋರ್ಡ್ ಕಾರನ್ನು ಹೊರನಾಡು, ಧರ್ಮಸ್ಥಳಕ್ಕೆ ಬಾಡಿಗೆಗೆ ಬಿಡುವುದು ಊರೂರಲ್ಲೂ ನಡೆದಿದೆ. ದಾರಿಯಲ್ಲಿ ಅಪಘಾತವಾದರೆ ವಿಮೆ ಕಂಪನಿಗೆ ಅದೊಂದೇ ಸಾಕು, ಸ್ವಂತ ಬಳಕೆಗೆಂದು ಕೊಟ್ಟ ಪಾಲಿಸಿ ಬಾಡಿಗೆಗೆ ಅನ್ವಯಿಸದು. ಪರ್ಮಿಟ್ ಇಲ್ಲದ್ದಕ್ಕೆ ಕೇಂದ್ರ ಕಾಯ್ದೆಯಲ್ಲಿ 10,000 ರೂಪಾಯಿ ದಂಡವಿದೆ. ಉಳಿಸಿದ ತೆರಿಗೆ ಎಷ್ಟು, ಒಡ್ಡಿಕೊಂಡ ಅಪಾಯ ಎಷ್ಟು?

ಪಿಯುಸಿ ಮಗನ ಕೈಗೆ ಕೀ ಕೊಡುವವರಿಗೆ: ಹದಿನೆಂಟು ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು.

ಡ್ಯಾಷ್‌ಬೋರ್ಡಿನ ದೀಪಕ್ಕೆ ಒಂದೇ ಸೂತ್ರ: ಹಳದಿ ಹತ್ತಿದರೆ ಗ್ಯಾರೇಜಿಗೆ ಹೋಗಿ, ಕೆಂಪು ಹತ್ತಿದರೆ ನಿಂತಲ್ಲೇ ನಿಲ್ಲಿ. ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಓಡುವಾಗ ಹತ್ತಿದರೆ ಆಯಿಲ್ ಒತ್ತಡ ಬಿದ್ದಿದೆ. ಒಂದೆರಡು ಕಿಲೋಮೀಟರ್ ಓಡಿಸಿದರೂ ಎಂಜಿನ್ ಸೀಜ್ ಆದೀತು.

ಕೊನೆಯದಾಗಿ, ಈ ಪುಟ ಮಗುಚುವ ಮೊದಲು ಕಾರಿನ ಡ್ಯಾಷ್‌ಬೋರ್ಡಿನ ಡಬ್ಬಿ ತೆಗೆದು ಪಾಲಿಸಿಯ ಮುಗಿಯುವ ದಿನಾಂಕ ನೋಡಿಬಿಡಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷದ್ದು ಒಟ್ಟಿಗೇ ಬರುತ್ತದೆ, ಓನ್ ಡ್ಯಾಮೇಜ್ ಹೆಚ್ಚಿನವರದ್ದು ಒಂದೇ ವರ್ಷದ್ದು. ‘ಮೂರು ವರ್ಷ ಇನ್ಶೂರೆನ್ಸ್ ಐತೆ’ ಎಂದು ನಿಶ್ಚಿಂತೆಯಿಂದ ಇರುವವರ ಅರ್ಧ ಪಾಲಿಸಿ ಎಂದೋ ಮುಗಿದಿರುತ್ತದೆ. ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತದೆ. ಥರ್ಡ್ ಪಾರ್ಟಿಯೂ ಇಲ್ಲದೆ ರಸ್ತೆಗೆ ಇಳಿದರೆ ಮೊದಲ ಸಲ 2,000, ಎರಡನೇ ಸಲ 4,000 ರೂಪಾಯಿ ದಂಡ. ದಿನಾಂಕ ಹತ್ತಿರವಿದ್ದರೆ ಇವತ್ತೇ ಕಟ್ಟಿ.